ಮಗ್ಗಿ ಹಾಡ್ತಾರೆ, ನಡುವಿನಿಂದ ಕೇಳಿದ್ರೆ ತಡವರಿಸ್ತಾರೆ. ಏನು ಮಾಡೋದು?

ಮೂರನೇ ಕ್ಲಾಸ್ ಮೇಡಂ:
ತರಗತಿಯಲ್ಲಿ 30 ಮಕ್ಕಳು. ಏಳರ ಮಗ್ಗಿಗೆ ರಾಗ ಹಾಕಿ ಹಾಡಿಸಿದ್ದೀನಿ. ಒಟ್ಟಿಗೆ ಹಾಡುವಾಗ ಒಬ್ಬರೂ ತಪ್ಪಲ್ಲ. ‘ಏಳೆಂಟ್ಲ ಎಷ್ಟು?’ ಅಂತ ಬಿಡಿಯಾಗಿ ಕೇಳಿದ್ರೆ ಮಾತ್ರ ಏಳೊಂದ್ಲ ಏಳರಿಂದ ತುಟಿಯಲ್ಲೇ ಹಾಡ್ಕೊಂಡು ಬರ್ತಾರೆ. ಹಾಡು ನಿಲ್ಲಿಸಬೇಕಾ? ಮೊಜಾರ್ಟ್ ಸಂಗೀತ ಕೇಳಿಸಿದ್ರೆ ಬುದ್ಧಿ ಚುರುಕಾಗುತ್ತಂತೆ, ಅದನ್ನೂ ಮಾಡ್ಲಾ?

ಲಯ:
ನಿಲ್ಲಿಸಬೇಡಿ ಮೇಡಂ, ಹಾಡಿನ ಕೆಲಸ ಅರ್ಧ ಆಗಿದೆ ಅಷ್ಟೇ. ಹಾಡಿನಲ್ಲಿ ಒಂದು ಸಾಲು ಮುಂದಿನ ಸಾಲನ್ನು ಎಳ್ಕೊಂಡು ಬರುತ್ತೆ. ಹಾಗಾಗಿ ಮಗುವಿಗೆ ಸಿಕ್ಕಿರೋದು ಸಾಲುಗಳ ಕ್ರಮ. ಏಳೆಂಟಕ್ಕೂ ಐವತ್ತಾರಕ್ಕೂ ನೇರ ನಂಟು ಇನ್ನೂ ಬೆಳೆದಿಲ್ಲ.

ಒಂದು ಸಾಲಿಗೆ ನಾಲ್ಕು ಚಪ್ಪಾಳೆ ಇಡಿ: ‘ಏಳೆಂಟ್ಲ’ ಎರಡು ಚಪ್ಪಾಳೆಗೆ, ‘ಐವತ್ತಾರು’ ಮೂರನೆಯದಕ್ಕೆ, ನಾಲ್ಕನೆಯದು ಖಾಲಿ. ಈ ಖಾಲಿ ಜಾಗ ಬೇಕೇ ಬೇಕು. ‘ಏಳು’ ಎರಡೇ ಅಕ್ಷರ, ‘ಐವತ್ತಾರು’ ನಾಲ್ಕು. ಜಾಗ ಬಿಡದಿದ್ರೆ ಉದ್ದದ ಉತ್ತರಗಳನ್ನೇ ಮಕ್ಕಳು ನುಂಗಿಬಿಡ್ತಾರೆ. ನಿಮಿಷಕ್ಕೆ 80 ಚಪ್ಪಾಳೆ ಸಾಕು.

ಸಾಲು ಗಟ್ಟಿಯಾದ ಮೇಲೆ ಉತ್ತರದ ಚಪ್ಪಾಳೆಯಲ್ಲಿ ಬಾಯಿ ಮುಚ್ಚಿಸಿ, ಮನಸ್ಸಲ್ಲೇ ಹೇಳಲಿ. ಆಮೇಲೆ ನೀವು ಯಾವುದೋ ಸಾಲಿನ ಪ್ರಶ್ನೆ ಹಾಡಿ, ಅವರು ಬರೀ ಉತ್ತರ ಹಾಡಲಿ. ಕೊನೆಗೆ ರಾಗ ತೆಗೆದು ತಾಳ ಮಾತ್ರ ಉಳಿಸಿ. ಈ ಕೊನೆಯ ಹೆಜ್ಜೆ ಬಿಟ್ಟುಹೋಗೋದ್ರಿಂದಲೇ ಮಗ್ಗಿ ಹಾಡಾಗೇ ಉಳಿದುಬಿಡುತ್ತೆ. ದಿನಕ್ಕೆ ಐದು ನಿಮಿಷ, ಒಂದು ಸಲಕ್ಕೆ ಮೂರೇ ಸಾಲು.

ಶ್ರುತಿಪೆಟ್ಟಿಗೆ:
ಮೊಜಾರ್ಟ್ ಬಿಡಿ. ಬುದ್ಧಿ ಚುರುಕಾಗುತ್ತೆ ಅನ್ನೋ ಮಾತು ಹುಟ್ಟಿದ್ದು 1993ರ ಒಂದು ಪ್ರಯೋಗದಿಂದ, ಅದು ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ. ಆಕಾರಗಳನ್ನು ಮನಸ್ಸಲ್ಲೇ ಮಡಿಚಿ ನೋಡುವಂಥ ಪರೀಕ್ಷೆ, ಪರಿಣಾಮ ಉಳಿದದ್ದು 10–15 ನಿಮಿಷ. ಮಕ್ಕಳೂ ಇರಲಿಲ್ಲ, ಮಗ್ಗಿಯೂ ಇರಲಿಲ್ಲ.

ಶ್ರುತಿ, ಅಂದ್ರೆ ಹಾಡು ಹಿಡಿಯೋ ಸ್ವರದ ಎತ್ತರ, ಅದರ ಕಡೆ ಗಮನ ಕೊಡಿ. ಕೀಬೋರ್ಡಿನ ನಡು ‘ಸಿ’ ಪಕ್ಕದ ‘ಡಿ’ಯಿಂದ ‘ಎ’ವರೆಗಿನ ಐದು ಬಿಳಿ ಕೀಗಳು ಈ ವಯಸ್ಸಿಗೆ ಹಿತ. ಅದಕ್ಕಿಂತ ಕೆಳಗೆ ಹಿಡಿದ್ರೆ ಅವರಿಗೆ ಸ್ವರ ಸಿಗೋದು ಕಷ್ಟ.

ಮೂರನೇ ಕ್ಲಾಸ್ ಮೇಡಂ:
ಖಾಲಿ ಚಪ್ಪಾಳೆ ಇರಲೇ ಇಲ್ಲ, ಅಲ್ಲೇ ತಪ್ಪಾಗಿದೆ. ಒತ್ತಕ್ಷರಕ್ಕೂ ಹೀಗೇನಾದ್ರೂ ಇದೆಯಾ? ‘ಕತ್ತೆ’ ಬರೀರಿ ಅಂದ್ರೆ ‘ಕತೆ’ ಬರೀತಾರೆ.

ಲಯ:
ಇದೆ, ಛಂದಸ್ಸಿನ ನಮ್ಮ ಲಘು-ಗುರುವೇ. ಒಂದು ಮಾತ್ರೆ (ಉಚ್ಚಾರಕ್ಕೆ ಹಿಡಿಯೋ ಕಾಲದ ಅಳತೆ) ಹಿಡಿಯೋ ಅಕ್ಷರ ಲಘು, ಎರಡು ಹಿಡಿಯೋದು ಗುರು. ಲಘುವಿಗೆ ಒಂದು ಚಪ್ಪಾಳೆ; ಗುರುವಿಗೆ ಚಪ್ಪಾಳೆ ತಟ್ಟಿ, ಅಂಗೈ ಮೇಲೆ ಮಾಡಿ ಇನ್ನೊಂದು ಮಾತ್ರೆ ತಡೀಬೇಕು. ‘ಕತೆ’ ಎರಡು ಮಾತ್ರೆ, ‘ಕತ್ತೆ’ ಮೂರು. ‘ಕತ್’ ಅಂದಾಗ ಕೈ ನಿಲ್ಲುತ್ತಲ್ಲ, ಒತ್ತು ಬರೋದು ಅಲ್ಲೇ. ಆದರೆ ದೀರ್ಘಕ್ಕೂ ಕೈ ನಿಲ್ಲುತ್ತೆ. ಅದಕ್ಕೇ ಮೊದಲ ವಾರ ‘ಕಾಗೆ’ಯಂಥ ಪದ ಬೆರೆಸಬೇಡಿ, ಕತೆ-ಕತ್ತೆ, ಹಸು-ಹಸ್ತ, ಬೆಳೆ-ಬೆಳ್ಳಿ ಇಂಥ ಜೋಡಿಗಳನ್ನೇ ತಟ್ಟಿಸಿ, ತಟ್ಟಿದ ಕೂಡಲೇ ಬರೆಸಿ.