ತಮ್ಮನ ಜೊತೆ ಕೂತು ಯಾವ ಬಿ.ಎಲ್. ಸೀರೀಸ್ ನೋಡಲಿ? ನಿಮ್ಮ ಅನುಭವ ಹೇಳಿ

ನನಗೆ 34 ವರ್ಷ. ಎರಡು ತಿಂಗಳ ಹಿಂದೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ನನ್ನ ತಮ್ಮ ಅಡುಗೆಮನೆಗೆ ಬಂದು, "ಅಕ್ಕಾ, ನನಗೆ ಹುಡುಗರೇ ಇಷ್ಟ ಆಗೋದು" ಅಂದ. ನನಗೆ ಮಾತು ಹೊರಡಲಿಲ್ಲ. ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡೆ. ಅಷ್ಟೇ. ಆಮೇಲೆ ಇಬ್ಬರೂ ಆ ಮಾತು ಎತ್ತಿಲ್ಲ.

ಅವನು ರಾತ್ರಿ ಹೊತ್ತು ಥಾಯ್ ಸೀರೀಸ್ ನೋಡುತ್ತಾನೆ. ಹುಡುಗ-ಹುಡುಗರ ಪ್ರೀತಿ ಕಥೆಗಳು, ಬಾಯ್ಸ್ ಲವ್, ಬಿ.ಎಲ್. ಅವನಿಗೆ ಹೇಳದೆ ನಾನೂ ಶುರು ಮಾಡಿದೆ. ಮೊದಲು '2ಗೆದರ್' ನೋಡಿದೆ. ಗಿಟಾರು, ಕಾಲೇಜು, ನಾಚಿಕೆ. ಮುದ್ದಾಗಿತ್ತು. ಆಮೇಲೆ ಇನ್ನೊಂದು ಹಾಕಿದೆ, ಹೆಸರು ಬೇಡ. ಅದರಲ್ಲಿ ಒಬ್ಬ ಬೇಡ ಬೇಡ ಅಂದರೂ ಇನ್ನೊಬ್ಬ ಬಲವಂತ ಮಾಡುತ್ತಾನೆ, ಹಿಂದೆ ಪ್ರೀತಿಯ ಹಾಡು ಬರುತ್ತೆ. ನನಗೆ ಕೈ ನಡುಗಿ ಫೋನು ಮಗುಚಿ ಇಟ್ಟುಬಿಟ್ಟೆ. ಇಂಥವೇ ಜಾಸ್ತಿನಾ? ಇನ್ನೊಂದು ಪ್ರಶ್ನೆ, ಈ ಸೀರೀಸ್‌ಗಳಲ್ಲಿ ಎಲ್ಲರೂ "ನನಗೆ ಗಂಡಸರು ಇಷ್ಟ ಇಲ್ಲ, ನೀನೊಬ್ಬ ಮಾತ್ರ ಇಷ್ಟ" ಅನ್ನುತ್ತಾರಲ್ಲ, ಯಾಕೆ? ತಮ್ಮನ ಪಕ್ಕ ಕೂತು ನೋಡುವಂಥದ್ದು ಯಾವುದು? ದಯವಿಟ್ಟು ಹೇಳಿ.

ಶಿವಮೊಗ್ಗದಿಂದ ಒಂದು ಉತ್ತರ

ಜಪಾನಿನದರಿಂದ ಶುರು ಮಾಡಿ. ಹೆಸರು 'ಕಿನೋ ನಾನಿ ತಬೇತಾ?' ಅಂದರೆ 'ನಿನ್ನೆ ಏನು ತಿಂದೆ?'. ನಮ್ಮ 'ಊಟ ಆಯ್ತಾ?' ಇದ್ದ ಹಾಗೆ, ಅಲ್ವಾ? 2019ರದ್ದು. ಫುಮಿ ಯೊಷಿನಾಗಾ ಅವರ ಮಾಂಗಾದಿಂದ, ಅಂದರೆ ಜಪಾನಿನ ಕಾಮಿಕ್ಸ್‌ನಿಂದ ಮಾಡಿದ್ದು. 12 ಎಪಿಸೋಡ್, ಒಂದೊಂದೂ ಸುಮಾರು ಅರ್ಧ ಗಂಟೆ.

ಶಿರೋ ವಕೀಲ, ಕೆಂಜಿ ತಲೆಗೂದಲು ಕತ್ತರಿಸುವವನು. ಇಬ್ಬರಿಗೂ ನಲವತ್ತು ದಾಟಿದೆ. ಶಿರೋ ಆಫೀಸಿಂದ ಸರಿಯಾದ ಟೈಮಿಗೆ ಹೊರಟು, ಎಲ್ಲಿ ಅಗ್ಗ ಅಂತ ನೋಡಿ ತರಕಾರಿ ತಂದು ಅಡುಗೆ ಮಾಡುತ್ತಾನೆ. ಇಬ್ಬರ ಊಟದ ಖರ್ಚು ತಿಂಗಳಿಗೆ 25,000 ಯೆನ್ ದಾಟಬಾರದು ಅಂತ ಅವನ ಹಟ. ಮೊದಲ ಎಪಿಸೋಡಲ್ಲೇ ಜಗಳ. ಕೆಂಜಿ ತನ್ನ ಗಿರಾಕಿಯ ಹತ್ತಿರ ಶಿರೋ ಬಗ್ಗೆ ಹೇಳಿಬಿಟ್ಟಿರುತ್ತಾನೆ. ಶಿರೋ ಸಿಟ್ಟಾಗುತ್ತಾನೆ. ಬೇರೆಯವರೆಲ್ಲ ಹೆಂಡತಿ ಮಕ್ಕಳ ಮಾತು ಆಡುತ್ತಾರೆ, ನಾನು ಮಾತ್ರ ಯಾಕೆ ಆಡಬಾರದು ಅಂತ ಕೆಂಜಿ ಕೇಳುತ್ತಾನೆ. ಆ ಒಂದು ಪ್ರಶ್ನೆಗೆ ನಾನು ಎಪಿಸೋಡ್ ನಿಲ್ಲಿಸಿ ಸುಮ್ನೆ ಕೂತಿದ್ದೆ. ಮನೆಗೆ ಯಾರೇ ಬಂದರೂ ನಾನು ದಿನಾ ಆಡುವ ಮಾತು ಅದು, ನಮ್ಮವರು ಹೀಗೆ, ನಮ್ಮವರು ಹಾಗೆ ಅಂತ. ಆ ಮಾತನ್ನೂ ನುಂಗಿಕೊಂಡು ಬದುಕುವವರಿದ್ದಾರೆ ಅಂತ ನನಗೆ ಹೊಳೆದೇ ಇರಲಿಲ್ಲ.

ಕೊನೆಯ ಎಪಿಸೋಡಲ್ಲಿ ಹೊಸ ವರ್ಷಕ್ಕೆ ಶಿರೋ ಅವನನ್ನು ಅಪ್ಪ-ಅಮ್ಮನ ಮನೆಗೆ ಕರೆದುಕೊಂಡು ಹೋಗುತ್ತಾನೆ. ವಾಪಸ್ ಬರುವಾಗ ಕೆಂಜಿ ದಾರಿಯಲ್ಲಿ ಅತ್ತುಬಿಡುತ್ತಾನೆ. ಇಂಥ ದಿನ ಬರುತ್ತೆ ಅಂತ ಅಂದುಕೊಂಡಿರಲಿಲ್ಲ, ಇನ್ನು ಸತ್ತರೂ ಪರವಾಗಿಲ್ಲ ಅನ್ನುತ್ತಾನೆ. ಅದಕ್ಕೆ ಶಿರೋ ಹೇಳುವುದು ಎಣ್ಣೆ ಕಡಿಮೆ ಮಾಡೋಣ, ಸಕ್ಕರೆ ಕಡಿಮೆ ಮಾಡೋಣ, ಜಾಸ್ತಿ ದಿನ ಬದುಕೋಣ ಅಂತ. ಪ್ರೀತಿಯ ಮಾತು ಅಂದರೆ ಇದು ನೋಡಿ. ನಾನು ಇಷ್ಟು ಅತ್ತದ್ದು ಬೇರೆ ಯಾವುದಕ್ಕೂ ಇಲ್ಲ.

2021ರ ಸಿನಿಮಾ ಮಾತ್ರ ಆಮೇಲೆ ನೋಡಿ. ಆ ಭೇಟಿ ಶಿರೋನ ಅಮ್ಮನಿಗೆ ತಡೆದುಕೊಳ್ಳಲು ಆಗಿರುವುದಿಲ್ಲ. ಮುಂದಿನ ಹೊಸ ವರ್ಷಕ್ಕೆ ಕೆಂಜಿಯನ್ನು ಕರೆತರಬೇಡ ಅನ್ನುತ್ತಾರೆ. ಒಪ್ಪಿಕೊಂಡ ಅಪ್ಪ-ಅಮ್ಮ ಮತ್ತೆ ಹಿಂದೆ ಸರಿಯುವುದೂ ಇದೆ. ಅದನ್ನು ಇಷ್ಟು ನಿಜವಾಗಿ ತೋರಿಸಿದ್ದು ಬೇರೆ ಕಡೆ ನಾನು ಕಂಡಿಲ್ಲ.

ಮೈಸೂರಿನಿಂದ

ಬಲವಂತದ ವಿಷಯಕ್ಕೆ ಉತ್ತರ ಹೇಳುತ್ತೇನೆ. ನಿಮ್ಮ ಕೈ ನಡುಗಿದ್ದು ಸರಿಯಾಗಿಯೇ ಇದೆ. ಅದು ಪ್ರೀತಿ ಅಲ್ಲ. ಈ ಕಥೆಗಳ ಬೇರು ಇರುವುದು 1970ರ ದಶಕದ ಜಪಾನಿನ ಹುಡುಗಿಯರ ಮಾಂಗಾಗಳಲ್ಲಿ. ಬರೆದವರೂ ಹೆಚ್ಚಾಗಿ ಹೆಂಗಸರು, ಓದಿದವರೂ ಹೆಂಗಸರು. ಇಬ್ಬರಲ್ಲಿ ಒಬ್ಬ ಮುಂದೆ ನುಗ್ಗುವವನು, ಇನ್ನೊಬ್ಬ ಒಪ್ಪಿಕೊಳ್ಳುವವನು ಅನ್ನುವ ಅಚ್ಚು ಅಲ್ಲೇ ಗಟ್ಟಿಯಾಯಿತು. ಒಬ್ಬ ಗಂಡ, ಒಬ್ಬ ಹೆಂಡತಿ. ಹಳೆಯ ಥಾಯ್ ಸೀರೀಸ್‌ಗಳಿಗೂ ಅದು ಹಾಗೇ ಬಂತು. "ನೀನೊಬ್ಬ ಮಾತ್ರ" ಅನ್ನುವ ಮಾತೂ ಆ ಕಾಲದ್ದೇ. ಕೇಳೋಕೆ ದೊಡ್ಡ ಪ್ರೀತಿ ಅನ್ನಿಸುತ್ತೆ, ಆದರೆ ನಿಮ್ಮ ತಮ್ಮನಂಥವರು ಇದ್ದಾರೆ ಅನ್ನುವುದನ್ನೇ ಅದು ಅಳಿಸಿಹಾಕುತ್ತೆ. ನನಗೆ ಆ ಮಾತು ಕೇಳಿದಾಗೆಲ್ಲ ಬೇಜಾರಾಗುತ್ತೆ.

ಈಗ ಬದಲಾಗಿದೆ. 2021ರಲ್ಲಿ ಶುರುವಾದ 'ಬ್ಯಾಡ್ ಬಡ್ಡಿ' ನೋಡಿ. ಪಕ್ಕಪಕ್ಕದ ಮನೆ, ಎರಡು ಮನೆಗೂ ಹಗೆ, ಎರಡು ಮನೆಯ ಹುಡುಗರು. ಓಮ್ ಮತ್ತು ನಾನೊನ್ ನಟಿಸಿದ್ದಾರೆ. ಇಬ್ಬರೂ ಸಮಾನರು, ಯಾರೂ ಯಾರನ್ನೂ ಒತ್ತಾಯ ಮಾಡುವುದಿಲ್ಲ. ಜಪಾನಿನ 'ಚೆರ್ರಿ ಮ್ಯಾಜಿಕ್' (2020) ಕೂಡ ಹಾಗೇ. ಮುಟ್ಟಿದವರ ಮನಸ್ಸಿನ ಮಾತು ಕೇಳಿಸುವ ಹುಡುಗ ಅದಾಚಿ, ಅವನನ್ನು ಒಳಗೊಳಗೇ ಪ್ರೀತಿಸುವ ಸಹೋದ್ಯೋಗಿ ಕುರೊಸಾವಾ. ಮನಸ್ಸಲ್ಲಿ ಎಷ್ಟು ಆಸೆ ಇದ್ದರೂ ಒಂದು ಹೆಜ್ಜೆ ಹಿಂದೆ ನಿಲ್ಲುವ ಗಂಡಸು. ಅದನ್ನು ನೋಡುವುದೇ ಒಂದು ಸಮಾಧಾನ.

ಧಾರವಾಡದವನು, ಈಗ ಬೆಂಗಳೂರು

ನಾನು ಗೇ. ಮೇಲೆ ಹೇಳಿದ ಎಲ್ಲವನ್ನೂ ನೋಡಿದ್ದೇನೆ. ನಿಮ್ಮ ತಮ್ಮನ ಜಾಗದಲ್ಲಿ ನಿಂತು ಎರಡು ಮಾತು ಹೇಳುತ್ತೇನೆ, ಅಕ್ಕ ಅಂತಲೇ ಕರೆಯುತ್ತೇನೆ.

ಈ ಸೀರೀಸ್‌ಗಳಲ್ಲಿ ನನ್ನ ಬದುಕು ಇಲ್ಲ. ಅಲ್ಲಿ ಎಲ್ಲರೂ ಚೆಂದ, ಎಲ್ಲರಿಗೂ ರೂಮಿದೆ, ಬೈಕಿದೆ. ನನಗೆ ಪಿಜಿಯಲ್ಲಿ ಮೂರು ಜನ ರೂಮ್‌ಮೇಟ್ಸ್ ಇದ್ದರು. ಇಯರ್‌ಫೋನ್ ಹಾಕಿ, ಗೋಡೆ ಕಡೆ ತಿರುಗಿ ಮಲಗಿ ನೋಡುತ್ತಿದ್ದೆ. ಆದರೂ ನೋಡಿದೆ ಯಾಕೆ ಅಂದರೆ, ನನ್ನಂಥವನ ಕಥೆ ಸಾವಿನಲ್ಲಿ ಮುಗಿಯದೆ ಇದ್ದದ್ದನ್ನು ಮೊದಲು ನೋಡಿದ್ದು ಅಲ್ಲೇ. ಕನ್ನಡದಲ್ಲಿ ವಸುಧೇಂದ್ರ ಅವರ 'ಮೋಹನಸ್ವಾಮಿ' ಓದಿದ್ದೆ. ಅದು ನನ್ನ ನೋವಿಗೆ ನನ್ನದೇ ಭಾಷೆ ಕೊಟ್ಟಿತು. ಸುಮ್ನೆ ಖುಷಿಯಾಗಿರುವುದನ್ನು ತೋರಿಸಿದ್ದು ಮಾತ್ರ ಈ ಥಾಯ್ ಹುಡುಗರು.

ನಿಮಗೆ ಒಂದನ್ನೇ ಹೇಳುವುದಾದರೆ 'ಐ ಟೋಲ್ಡ್ ಸನ್‌ಸೆಟ್ ಅಬೌಟ್ ಯು' (2020). ಬರೀ 5 ಎಪಿಸೋಡ್, ಪೂರ್ತಿ ಫುಕೆಟ್‌ನಲ್ಲಿ ನಡೆಯುತ್ತೆ. ತೇ ಮತ್ತು ಓ-ಏವ್ ಚಿಕ್ಕಂದಿನ ಗೆಳೆಯರು, ಜಗಳವಾಡಿ ಮಾತು ಬಿಟ್ಟವರು. ಕಾಲೇಜು ಸೇರಲು ಚೀನೀ ಭಾಷೆ ಕಲಿಯುವಾಗ ಮತ್ತೆ ಸಿಗುತ್ತಾರೆ. ತೇಗೆ ತನ್ನ ಮನಸ್ಸೇ ಅರ್ಥವಾಗುವುದಿಲ್ಲ, ಹೆದರಿ ಓಡುತ್ತಾನೆ, ಓ-ಏವ್‌ಗೆ ತುಂಬಾ ನೋವು ಕೊಡುತ್ತಾನೆ. ಕೊನೆಗೆ ತನ್ನ ಅಣ್ಣನ ಮುಂದೆ ಕುಸಿದು ಅಳುತ್ತಾನೆ. ಅಣ್ಣ ಅವನನ್ನು ಹಿಡಿದುಕೊಳ್ಳುತ್ತಾನೆ. ಹಿಟ್ಟಿನ ಕೈ ಅಂತ ನೀವು ಬರೆದಾಗ ನನಗೆ ನೆನಪಾದದ್ದು ಆ ದೃಶ್ಯ. ನನಗೆ ಅಂಥ ಅಣ್ಣ ಸಿಗಲಿಲ್ಲ. ನಿಮ್ಮ ತಮ್ಮನಿಗೆ ನೀವಿದ್ದೀರಿ.

ಇನ್ನೊಂದು. ನೋಡುವಾಗ "ನಿಂಗೂ ಹೀಗೇ ಆಗುತ್ತಾ?" ಅಂತ ಕೇಳಬೇಡಿ. ಅವನಾಗೇ ಹೇಳಲಿ. ಮದುವೆ ದೃಶ್ಯ ಬಂದರೆ ಅವನು ಸುಮ್ಮನಾಗಬಹುದು. ತೈವಾನ್‌ನಲ್ಲಿ 2019ರಿಂದ, ಥಾಯ್ಲೆಂಡ್‌ನಲ್ಲಿ 2025ರ ಜನವರಿಯಿಂದ ಇಬ್ಬರು ಗಂಡಸರು ಕಾನೂನು ಪ್ರಕಾರ ಮದುವೆಯಾಗಬಹುದು. ನಮ್ಮಲ್ಲಿ 2018ರ ಸೆಪ್ಟೆಂಬರ್ 6ಕ್ಕೆ, ಒಪ್ಪಿ ಕೂಡುವ ನಮ್ಮಂಥವರನ್ನೂ ಅಪರಾಧಿ ಅನ್ನುತ್ತಿದ್ದ 377ನೇ ಕಲಮಿನ ಭಾಗ ಹೋಯಿತು, ಆವತ್ತು ನಾನು ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. 2023ರ ಅಕ್ಟೋಬರ್‌ನಲ್ಲಿ ಮದುವೆಯ ಹಕ್ಕು ಕೊಡಲು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ತೆರೆಯ ಮೇಲೆ ಉಂಗುರ ತೊಡಿಸುವಾಗ ಇದೆಲ್ಲ ನಮ್ಮ ತಲೆಯಲ್ಲಿ ಓಡುತ್ತಿರುತ್ತೆ.

ಮಂಗಳೂರಿನಿಂದ

ನನ್ನ ಮಗಳಿಗೆ 17. ಅವಳ ಜೊತೆ ನೋಡಿದವಳು ನಾನು. ಒಂದೇ ಎಚ್ಚರಿಕೆ: ನಟರನ್ನು ನಿಜವಾದ ಜೋಡಿ ಅಂದುಕೊಳ್ಳುವ ಅಭಿಮಾನಿಗಳಿದ್ದಾರೆ. ಆ ನಟರಲ್ಲೊಬ್ಬನಿಗೆ ಗೆಳತಿ ಇದ್ದಾಳೆ ಅಂತ ಗೊತ್ತಾದರೆ ಜಗಳಕ್ಕೇ ನಿಲ್ಲುತ್ತಾರೆ. ಕಥೆ ನೋಡಿ, ಆ ಗಲಾಟೆಗೆ ಹೋಗಬೇಡಿ. 'ಮೂನ್‌ಲೈಟ್ ಚಿಕನ್' (2023) ನಮ್ಮಿಬ್ಬರಿಗೂ ಇಷ್ಟ. ಪಟ್ಟಾಯದಲ್ಲಿ ಚಿಕನ್ ರೈಸ್ ಅಂಗಡಿ ಇಟ್ಟ ಜಿಮ್, ಅವನು ಸಾಕಿದ ಹುಡುಗ ಲೀ ಮಿಂಗ್. ಕಿವಿ ಕೇಳದ ಹಾರ್ಟ್‌ಗಾಗಿ ಲೀ ಮಿಂಗ್ ಸನ್ನೆ ಭಾಷೆ ಕಲಿಯುತ್ತಾನೆ. ಮಗಳು ಅದನ್ನು ನೋಡಿ ತಾನೂ ನಾಲ್ಕು ಸನ್ನೆ ಕಲಿತಳು.

ದಾವಣಗೆರೆಯಿಂದ

ಚೀನಾದ್ದು ಯಾರೂ ಹೇಳಲಿಲ್ಲ. ಅಲ್ಲಿ 2016ರಲ್ಲಿ 'ಅಡಿಕ್ಟೆಡ್' ಅನ್ನುವ ಸೀರೀಸನ್ನು ಮುಗಿಯುವ ಮೊದಲೇ ಸೆನ್ಸಾರ್‌ನವರು ತೆಗೆಸಿಬಿಟ್ಟರು. ಅದಕ್ಕೇ 'ದಿ ಅನ್‌ಟೇಮ್ಡ್' (2019) 50 ಎಪಿಸೋಡ್ ಇದ್ದರೂ ಒಂದು ಮುತ್ತಿಲ್ಲ. ಬರೀ ನೋಟ, ಕೊಳಲು, ಒಂದು ಹಾಡು. ನನಗೆ ಅದೇ ಸಾಕಾಯಿತು. ಪುರುಸೊತ್ತಿದ್ದರೆ ನೋಡಿ.

ಕೇಳಿದವಳು ನಾನೇ, ಮತ್ತೆ ಬಂದೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಊಟ ಆದ ಮೇಲೆ 'ನಿನ್ನೆ ಏನು ತಿಂದೆ?' ಹಾಕಿದೆ. ತಮ್ಮ ಬಾಗಿಲ ಹತ್ತಿರ ನಿಂತು ನೋಡಿದ. "ಇದು ನಿಂಗೆ ಹೇಗೆ ಗೊತ್ತು?" ಅಂದ. ಯಾರೋ ಹೇಳಿದರು, ಬಾ ಕೂತ್ಕೋ ಅಂದೆ. ಧಾರವಾಡದ ತಮ್ಮ ಹೇಳಿದ ಹಾಗೆ ಏನೂ ಕೇಳಲಿಲ್ಲ. ಕೆಂಜಿ ಆ ಪ್ರಶ್ನೆ ಕೇಳುವ ಜಾಗದಲ್ಲಿ ಅವನು ದಿಂಬು ಎಳೆದುಕೊಂಡು ನನ್ನ ಭುಜಕ್ಕೆ ಒರಗಿದ. ಮೂರು ಎಪಿಸೋಡ್ ಆಯಿತು. ಮಲಗೋಕೆ ಹೋಗುವಾಗ, "ಅಕ್ಕಾ, ನಾನಿಲ್ಲದಾಗ ನಾಲ್ಕನೆಯದು ನೋಡಬೇಡ" ಅಂದ.