ಮಾತ್ರೆ ನುಂಗಿದವನಿಗೆ 4 ವರ್ಷ, ಗೋಲು ನುಂಗಿದವರಿಗೆ ರಜೆ: ಇದು ಯಾವ ನ್ಯಾಯ?

ಎಡಗಾಲು ಕೇಳಿದ್ದು:

ಫುಟ್‌ಬಾಲಿನ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

2023ರ ಆಗಸ್ಟ್ 20, ಉಡಿನೇಸೆ–ಯುವೆಂಟಸ್ ಪಂದ್ಯ. ಯುವೆಂಟಸ್ ಆಟಗಾರ ಪಾಲ್ ಪೋಗ್ಬಾ ಬೆಂಚಿನಲ್ಲೇ ಕೂತಿದ್ದ, ಮೈದಾನಕ್ಕೆ ಇಳಿಯಲೇ ಇಲ್ಲ. ಆಮೇಲೆ ಕೊಟ್ಟ ಮೂತ್ರದ ಮಾದರಿಯಲ್ಲಿ ಹೊರಗಿನಿಂದ ಬಂದ ಟೆಸ್ಟೋಸ್ಟಿರಾನ್ (ಸ್ನಾಯು ಬೆಳೆಸುವ ಹಾರ್ಮೋನ್) ಸುಳಿವು ಸಿಕ್ಕಿತು. 2024ರ ಫೆಬ್ರುವರಿಯಲ್ಲಿ ಇಟಲಿಯ ನ್ಯಾಯಮಂಡಳಿ 4 ವರ್ಷ ನಿಷೇಧ ಹೇರಿತು. ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡಿನಲ್ಲಿರುವ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಸಿಎಎಸ್ ಅದನ್ನು 18 ತಿಂಗಳಿಗೆ ಇಳಿಸಿತು.

ಅದೇ 2023ರ ಸೆಪ್ಟೆಂಬರ್ 30, ಟಾಟನ್‌ಹ್ಯಾಮ್–ಲಿವರ್‌ಪೂಲ್. ಲೂಯಿಸ್ ಡಯಾಜ್ ಹೊಡೆದ ಗೋಲು ಆಫ್‌ಸೈಡ್ (ಪಾಸ್ ಹೊರಟಾಗ ಎದುರಾಳಿಯ ಕೊನೆಯ ಡಿಫೆಂಡರ್‌ಗಿಂತ ಮುಂದಿರುವುದು) ಆಗಿರಲೇ ಇಲ್ಲ. ಲೈನ್ಸ್‌ಮನ್ ತಪ್ಪಾಗಿ ಬಾವುಟ ಎತ್ತಿದ, ಅದನ್ನು ವಿಡಿಯೊ ನೋಡಿ ಸರಿಮಾಡಬೇಕಿದ್ದ ವಿಎಆರ್ (ವಿಡಿಯೊ ರೆಫರಿ) ಕೋಣೆಯವರು 'ಚೆಕ್ ಮುಗಿಯಿತು' ಅಂದುಬಿಟ್ಟರು. ಲಿವರ್‌ಪೂಲ್ 1–2ರಿಂದ ಸೋತಿತು. ಆ ಕೋಣೆಯಲ್ಲಿದ್ದ ಇಬ್ಬರನ್ನು ಮುಂದಿನ ಕೆಲವು ಪಂದ್ಯಗಳಿಂದ ಕೈಬಿಟ್ಟರು, ಅಲ್ಲಿಗೆ ಮುಗಿಯಿತು.

ಆಡದೇ ಕೂತವನಿಗೆ ವರ್ಷಗಟ್ಟಲೆ ಶಿಕ್ಷೆ, ಪಂದ್ಯದ ಫಲಿತಾಂಶವನ್ನೇ ತಿರುಗಿಸಿದವರಿಗೆ ಎರಡು ವಾರಾಂತ್ಯ ಬಿಡುವು. ಅದೂ ಸಾಲದೆಂದು, ಒಬ್ಬನೇ ಆಟಗಾರನ ಶಿಕ್ಷೆ 4 ವರ್ಷದಿಂದ 18 ತಿಂಗಳಿಗೆ ಜಾರುವುದು ಹೇಗೆ? ನಿಯಮ ಗೊತ್ತಿದ್ದವರು ಬಿಡಿಸಿ ಹೇಳಿ. 'ದುಡ್ಡಿದ್ದವನ ಆಟ' ಅನ್ನೋ ಉತ್ತರ ಬೇಡ.

---

ಬಿ ಸ್ಯಾಂಪಲ್:

ಮೊದಲು 4 ವರ್ಷದ ಲೆಕ್ಕ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ಸಂಹಿತೆಯಲ್ಲಿ ಆಟಗಾರನ ದೇಹದಲ್ಲಿ ನಿಷೇಧಿತ ವಸ್ತು ಸಿಕ್ಕರೆ ಅಷ್ಟಕ್ಕೇ ಉಲ್ಲಂಘನೆ ಸಾಬೀತು. ಹೇಗೆ ಬಂತು, ಗೊತ್ತಿತ್ತೋ ಇಲ್ಲವೋ, ಆಟಕ್ಕೆ ಲಾಭವಾಯಿತೋ ಇಲ್ಲವೋ, ಇವೆಲ್ಲ ಶಿಕ್ಷೆ ಎಷ್ಟು ಅನ್ನುವಾಗ ಮಾತ್ರ ಲೆಕ್ಕಕ್ಕೆ ಬರುತ್ತವೆ. ಬೆಂಚಿನಲ್ಲಿ ಕೂತಿದ್ದ ಅನ್ನುವುದು ಅದಕ್ಕೇ ಉಪಯೋಗಕ್ಕೆ ಬರಲಿಲ್ಲ. ತಂಡದ ಪಟ್ಟಿಯಲ್ಲಿ ಹೆಸರಿದ್ದರೆ ಅವನನ್ನೂ ಪರೀಕ್ಷೆಗೆ ಕರೆಯಬಹುದು.

ವಸ್ತುಗಳಲ್ಲಿ ಎರಡು ಜಾತಿ. ಅನಬಾಲಿಕ್ ಸ್ಟೀರಾಯ್ಡ್, ಇಪಿಒ (ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್) ಥರದವು ಒಂದು ಕಡೆ. ಇವು ಸಿಕ್ಕರೆ ಆರಂಭವೇ 4 ವರ್ಷದಿಂದ, ಉದ್ದೇಶವಿರಲಿಲ್ಲ ಎಂದು ತೋರಿಸುವ ಹೊರೆ ಆಟಗಾರನದು. ಕೆಮ್ಮಿನ ಸಿರಪ್ಪು, ಮೂತ್ರವರ್ಧಕ, ಕೆಲವು ಉತ್ತೇಜಕಗಳಂಥ 'ನಿರ್ದಿಷ್ಟ ವಸ್ತು'ಗಳು ಇನ್ನೊಂದು ಕಡೆ. ಇವಕ್ಕೆ ಆರಂಭ 2 ವರ್ಷ, ಉದ್ದೇಶಪೂರ್ವಕ ಎಂದು ಸಂಸ್ಥೆಯೇ ಸಾಬೀತು ಮಾಡಿದರೆ 4. ಪೋಗ್ಬಾ ಪ್ರಕರಣದ ಡಿಎಚ್‌ಇಎ (ದೇಹದಲ್ಲಿ ಟೆಸ್ಟೋಸ್ಟಿರಾನ್ ಆಗಿ ಬದಲಾಗುವ ಹಾರ್ಮೋನ್) ಮೊದಲ ಜಾತಿಯದು. ಇಟಲಿಯಲ್ಲಿ ಆ ಹೊರೆ ಇಳಿಸಿಕೊಳ್ಳಲು ಆಗಲಿಲ್ಲ, ಹಾಗಾಗಿ ಪೂರ್ತಿ 4 ವರ್ಷ. ಫ್ಲಾರಿಡಾದ ವೈದ್ಯರು ಸೂಚಿಸಿದ ಸಪ್ಲಿಮೆಂಟಿನಿಂದ ಬಂತು, ಬೇಕಂತಲೇ ಸೇವಿಸಿದ್ದಲ್ಲ ಎಂಬುದನ್ನು ಸಿಎಎಸ್ ಒಪ್ಪಿತು. ಆದರೆ ವೃತ್ತಿಪರ ಆಟಗಾರ ಇನ್ನಷ್ಟು ಎಚ್ಚರ ವಹಿಸಬೇಕಿತ್ತು ಎಂದು 18 ತಿಂಗಳು ಉಳಿಸಿತು. ಪ್ರಯೋಗಾಲಯದ ಫಲಿತಾಂಶ ಎರಡೂ ಕಡೆ ಒಂದೇ. ಬದಲಾದದ್ದು 'ಎಷ್ಟು ತಪ್ಪು' ಎಂಬ ಅಳತೆ.

ಅದೇ ಅಳತೆಯಲ್ಲಿ ಇನ್ನಿಬ್ಬರು ಆಟಗಾರರನ್ನು ನೋಡಿ. ಆಂದ್ರೆ ಒನಾನಾ 2020ರ ಅಕ್ಟೋಬರ್‌ನಲ್ಲಿ ಹೆಂಡತಿಯ ಫ್ಯೂರೊಸೆಮೈಡ್ (ಮೂತ್ರವರ್ಧಕ) ಮಾತ್ರೆಯನ್ನು ತನ್ನದೆಂದು ನುಂಗಿದೆ ಅಂದ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಬೇಕಂತ ಮಾಡಿದ್ದಲ್ಲ ಎಂದು ಒಪ್ಪಿಕೊಂಡೂ 12 ತಿಂಗಳು ಕೊಟ್ಟಿತು, ಸಿಎಎಸ್ 9ಕ್ಕೆ ಇಳಿಸಿತು. ಪಾಪು ಗೊಮೆಜ್ ಮಗುವಿನ ಕೆಮ್ಮಿನ ಸಿರಪ್ಪು ಕುಡಿದೆ ಅಂದ, ಅದರಲ್ಲಿ ಟರ್ಬುಟಲಿನ್ ಎಂಬ ನಿಷೇಧಿತ ಉಬ್ಬಸದ ಔಷಧ ಇತ್ತು; ಪೂರ್ತಿ 2 ವರ್ಷ. ಕತೆ ಹೆಚ್ಚುಕಡಿಮೆ ಒಂದೇ, ಶಿಕ್ಷೆ ಮಾತ್ರ ಎರಡೂವರೆ ಪಟ್ಟಿಗಿಂತ ಹೆಚ್ಚು. ಅನ್ಯಾಯ ಹುಡುಕುವುದಾದರೆ ನಾನು ಇಲ್ಲಿ ಹುಡುಕುತ್ತೇನೆ. ಆರಂಭದ ಅಂಕಿ ಕಲ್ಲಲ್ಲಿ ಕೆತ್ತಿದ ಹಾಗೆ, ಇಳಿಸುವ ಅಂಕಿ ಮಾತ್ರ ಆ ದಿನ ಕೂತ ಮೂವರು ಪಂಚರ ಕೈಯಲ್ಲಿ.

ಕೊಕೇನ್ ವಿಷಯ ಬೇರೆಯೇ. 2021ರ ಸಂಹಿತೆಯಿಂದೀಚೆಗೆ, ಸ್ಪರ್ಧೆಯ ಹೊರಗೆ, ಆಟದ ಲಾಭಕ್ಕಲ್ಲದೆ ತೆಗೆದುಕೊಂಡದ್ದೆಂದು ತೋರಿಸಿದರೆ 3 ತಿಂಗಳು. ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ 1 ತಿಂಗಳು. 'ಸ್ಪರ್ಧೆಯೊಳಗೆ' ಅಂದರೆ ಪಂದ್ಯದ ಹಿಂದಿನ ರಾತ್ರಿ 11.59ರಿಂದ ಪಂದ್ಯ ಮತ್ತು ಮಾದರಿ ಸಂಗ್ರಹ ಮುಗಿಯುವವರೆಗೆ. ಆದರೆ ಕೊಕೇನಿನ ಅವಶೇಷ ಮೂತ್ರದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಯಾವ ರಾತ್ರಿಯದು ಅನ್ನುವ ವಾದ ಅಲ್ಲಿಂದಲೇ ಶುರು.

---

ಐದನೇ ನಿಯಮ:

ರೆಫರಿ ಕಡೆಯದನ್ನು ನಾನು ಹೇಳ್ತೀನಿ.

ಆಟದ ನಿಯಮಪುಸ್ತಕದ 5ನೇ ನಿಯಮದ ಪ್ರಕಾರ, ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ರೆಫರಿಯದೇ ಕೊನೆಯ ಮಾತು. ಗೋಲು ಹೌದೋ ಅಲ್ಲವೋ ಅನ್ನುವುದೂ ಅದರಲ್ಲಿ ಸೇರಿದೆ. ಆಟ ಪುನರಾರಂಭವಾದ ಮೇಲೆ ಮೊದಲಿನ ತೀರ್ಪನ್ನು ಬದಲಿಸುವಂತಿಲ್ಲ. ಡಯಾಜ್ ಗೋಲಿನಲ್ಲಿ ನಡೆದದ್ದೇ ಇದು. ವಿಎಆರ್ ಕೋಣೆಯವರು ಮೈದಾನದಲ್ಲಿ ಗೋಲು ಕೊಟ್ಟಿದ್ದಾರೆ ಅಂದುಕೊಂಡು 'ಚೆಕ್ ಮುಗಿಯಿತು' ಅಂದರು. ಗೆರೆ ಸರಿಯಾಗಿಯೇ ಎಳೆದಿದ್ದರು, ಡಯಾಜ್ ಆನ್‌ಸೈಡ್ ಎಂದೂ ಸರಿಯಾಗಿಯೇ ಕಂಡಿತ್ತು. ಮೈದಾನದ ಮೂಲ ತೀರ್ಪು ಏನೆಂದು ಮಾತ್ರ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ರೀಪ್ಲೇ ಆಪರೇಟರ್‌ಗೆ ಎಡವಟ್ಟು ಹೊಳೆಯುವ ಹೊತ್ತಿಗೆ ಫ್ರೀ ಕಿಕ್ ತೆಗೆದಾಗಿತ್ತು. ಆಮೇಲೆ ಬಿಡುಗಡೆಯಾದ ಆಡಿಯೊದಲ್ಲಿ ಇದೆಲ್ಲ ಕೇಳಿಸುತ್ತದೆ.

ಮರುಪಂದ್ಯ ಯಾಕಿಲ್ಲ? ವಿಎಆರ್ ನಿಯಮಾವಳಿಯಲ್ಲೇ ಬರೆದಿದೆ: ಯಂತ್ರ ಕೆಟ್ಟರೂ, ವಿಎಆರ್ ತಪ್ಪು ಮಾಡಿದರೂ, ನೋಡಬೇಕಾದ್ದನ್ನು ನೋಡದೆ ಬಿಟ್ಟರೂ ಪಂದ್ಯ ರದ್ದಾಗುವುದಿಲ್ಲ. ಇದಕ್ಕಿಂತ ಕೆಟ್ಟ ಉದಾಹರಣೆ, ಚೆಂಡು ಗೆರೆ ದಾಟಿದೊಡನೆ ರೆಫರಿಯ ಗಡಿಯಾರಕ್ಕೆ ಸೂಚನೆ ಕೊಡುವ ಗೋಲ್‌ಲೈನ್ ತಂತ್ರಜ್ಞಾನದ್ದು. 2020ರ ಜೂನ್ 17, ಆಸ್ಟನ್ ವಿಲ್ಲಾ–ಶೆಫೀಲ್ಡ್ ಯುನೈಟೆಡ್. ವಿಲ್ಲಾ ಗೋಲಿ ಚೆಂಡನ್ನು ಹಿಡಿದುಕೊಂಡೇ ಗೆರೆಯೊಳಗೆ ಹೋದ, ಕ್ಯಾಮೆರಾಗಳಿಗೆ ಆಟಗಾರರು ಅಡ್ಡ ಬಂದದ್ದರಿಂದ ರೆಫರಿಯ ಗಡಿಯಾರ ಅಲುಗಲಿಲ್ಲ. 0–0. ಆ ಸೀಸನ್ ಕೊನೆಗೆ ವಿಲ್ಲಾ 35 ಅಂಕಗಳಿಂದ ಉಳಿಯಿತು, ಬೋರ್ನ್‌ಮತ್ 34 ಅಂಕಗಳಿಂದ ಕೆಳಗಿಳಿಯಿತು.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2005ರ ಉಜ್ಬೇಕಿಸ್ತಾನ್–ಬಹ್ರೇನ್ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ, ಉಜ್ಬೇಕಿಸ್ತಾನ್ ಪೆನಾಲ್ಟಿ ಒದೆಯುವ ಮುನ್ನ ಅದೇ ತಂಡದವನು ಒಳಗೆ ನುಗ್ಗಿದ, ಚೆಂಡು ಗೋಲಾಯಿತು. ಆಗಿನ ನಿಯಮದಂತೆ ಮತ್ತೆ ಒದೆಸಬೇಕಿತ್ತು. ರೆಫರಿ ಎದುರಾಳಿಗೆ ಇಂಡೈರೆಕ್ಟ್ ಫ್ರೀ ಕಿಕ್ ಕೊಟ್ಟರು. ಕಣ್ತಪ್ಪಿದ್ದರೆ ಪರವಾಗಿರಲಿಲ್ಲ, ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದಕ್ಕೆ ಫಿಫಾ ಮರುಪಂದ್ಯ ಆಡಿಸಿತು. 1–0 ಗೆದ್ದಿದ್ದ ಉಜ್ಬೇಕಿಸ್ತಾನ್ ಮರುಪಂದ್ಯದಲ್ಲಿ 1–1 ಮಾಡಿಕೊಂಡು ಕೊನೆಗೆ ಹೊರಬಿತ್ತು. ದೂರು ಕೊಟ್ಟವರೇ ಅವರು! 3–0 ಅಂತ ಪಂದ್ಯವನ್ನೇ ತಮಗೆ ಬರೆದುಕೊಡಿ ಎಂದು ಕೇಳಿದ್ದರು.

ಇನ್ನೊಂದು ದಾರಿ ಮೋಸ ಸಾಬೀತಾದಾಗ. 2016ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ–ಸೆನೆಗಲ್ ಪಂದ್ಯ. ಚೆಂಡು ಕೂಲಿಬಾಲಿಯ ಮಂಡಿಗೆ ಬಡಿಯಿತು, ರೆಫರಿ ಜೋಸೆಫ್ ಲ್ಯಾಂಪ್ಟೆ ಹ್ಯಾಂಡ್‌ಬಾಲ್ ಎಂದು ಪೆನಾಲ್ಟಿ ಕೊಟ್ಟ. ಪಂದ್ಯವನ್ನು ತಿರುಚಿದ ಆರೋಪದ ಮೇಲೆ ಆಜೀವ ನಿಷೇಧ, ಸಿಎಎಸ್ ಅದನ್ನು ಎತ್ತಿಹಿಡಿಯಿತು, ಮರುಪಂದ್ಯದಲ್ಲಿ ಸೆನೆಗಲ್ 2–0.

ಎಡಗಾಲು ಅವರೇ, ನಿಮ್ಮ ಹೋಲಿಕೆ ತಪ್ಪುವುದು ಇಲ್ಲಿ. ರೆಫರಿಗೂ ದೊಡ್ಡ ಶಿಕ್ಷೆ ಇದೆ, ಆದರೆ ಬೇಕಂತ ಮಾಡಿದ ಎಂದು ಇನ್ನೊಬ್ಬರು ಸಾಬೀತು ಮಾಡಬೇಕು. ಪೋಗ್ಬಾನಂತೆ ಮೊದಲ ಜಾತಿಯ ವಸ್ತು ಸಿಕ್ಕ ಆಟಗಾರನಾದರೆ ಬೇಕಂತ ಮಾಡಲಿಲ್ಲ ಎಂದು ತಾನೇ ಸಾಬೀತು ಮಾಡಬೇಕು. ವ್ಯತ್ಯಾಸ ವರ್ಷಗಳ ಲೆಕ್ಕದಲ್ಲಿಲ್ಲ, ಹೊರೆ ಯಾರ ತಲೆ ಮೇಲೆ ಅನ್ನುವುದರಲ್ಲಿದೆ.

---

ಎಡಗಾಲು:

ಸರಿ, ಹೊರೆಯ ಮಾತು ಒಪ್ಪಿದೆ. ಆದರೆ ಹೊರೆ ಇಳಿಸಿಕೊಂಡು ನಿರಪರಾಧಿ ಆದವನಿಗೆ ಏನು ಸಿಗುತ್ತೆ? ಲಿವರ್‌ಪೂಲಿನ ಡಿಫೆಂಡರ್ ಆಗಿದ್ದ ಮಾಮದು ಸಾಖೊಗೆ ಏನು ಸಿಕ್ಕಿತು?

---

ಬಿ ಸ್ಯಾಂಪಲ್:

ಸಾಖೊ ವಿಷಯದಲ್ಲಿ ನನ್ನ ಹತ್ತಿರ ಸಮರ್ಥನೆ ಇಲ್ಲ. 2016ರಲ್ಲಿ ಕೊಬ್ಬು ಕರಗಿಸುವ ಸಪ್ಲಿಮೆಂಟಿನಿಂದ ಹೈಜೆನಮೈನ್ ಎಂಬ ವಸ್ತು ಅವನ ಮಾದರಿಯಲ್ಲಿ ಸಿಕ್ಕಿತು. ಆಗಿನ ನಿಷೇಧಿತ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ನಿಷೇಧಿತ ಬೀಟಾ-2 (ಶ್ವಾಸನಾಳ ಹಿಗ್ಗಿಸುವ ಔಷಧಗಳ) ಗುಂಪಿಗೆ ಸೇರುತ್ತದೆ ಎಂಬುದು ವಾಡಾ ವಾದ. ಯುಇಎಫ್‌ಎ 30 ದಿನ ತಾತ್ಕಾಲಿಕ ಅಮಾನತು ಮಾಡಿತು. ಆ ಅವಧಿಯಲ್ಲೇ ಮೇ 18ರ ಯುರೋಪಾ ಲೀಗ್ ಫೈನಲ್ ಬಂದುಹೋಯಿತು, ಯೂರೋ 2016ರ ತಂಡದಲ್ಲೂ ಜಾಗ ಸಿಗಲಿಲ್ಲ. ಜುಲೈನಲ್ಲಿ ಯುಇಎಫ್‌ಎ ಪ್ರಕರಣವನ್ನೇ ವಜಾ ಮಾಡಿತು. 2017ರ ಪಟ್ಟಿಯಲ್ಲಿ ಹೈಜೆನಮೈನ್ ಹೆಸರು ಸ್ಪಷ್ಟವಾಗಿ ಸೇರಿತು. ಸಾಖೊ ಮಾನಹಾನಿ ಮೊಕದ್ದಮೆ ಹೂಡಿದ ಮೇಲೆ 2020ರಲ್ಲಿ ವಾಡಾ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು. ಆಡದ ಫೈನಲ್ಲಿಗೆ ಪರಿಹಾರ ಇಲ್ಲ.

ಮೇಲ್ಮನವಿಯೂ ಎರಡಲಗಿನ ಕತ್ತಿ. ಪೆರು ತಂಡದ ನಾಯಕ ಪಾವೊಲೊ ಗೆರೆರೊಗೆ ಫಿಫಾ ಮೊದಲು 1 ವರ್ಷ ಕೊಟ್ಟು, ಮೇಲ್ಮನವಿಯಲ್ಲಿ 6 ತಿಂಗಳಿಗೆ ಇಳಿಸಿತ್ತು. ಆತ ಪೂರ್ತಿ ರದ್ದು ಮಾಡಿ ಎಂದು ಸಿಎಎಸ್‌ಗೆ ಹೋದ, ವಾಡಾ ಹೆಚ್ಚಿಸಿ ಎಂದು ಹೋಯಿತು. 2018ರ ಮೇ 14ರಂದು 14 ತಿಂಗಳಾಯಿತು, ವಿಶ್ವಕಪ್ಪಿಗೆ ಸರಿಯಾಗಿ ಒಂದು ತಿಂಗಳಿದ್ದಾಗ. ಸ್ವಿಸ್ ಫೆಡರಲ್ ಕೋರ್ಟ್ ತಡೆ ಕೊಟ್ಟಿದ್ದರಿಂದ ವಿಶ್ವಕಪ್ ಆಡಿದ, ಆಮೇಲೆ ಉಳಿದ ಶಿಕ್ಷೆ ಅನುಭವಿಸಿದ. ಗುಂಪಿನ ಎದುರಾಳಿ ತಂಡಗಳಾದ ಫ್ರಾನ್ಸ್, ಡೆನ್ಮಾರ್ಕ್, ಆಸ್ಟ್ರೇಲಿಯಾದ ನಾಯಕರೇ ಅವನ ಪರ ಫಿಫಾಗೆ ಪತ್ರ ಬರೆದಿದ್ದರು.

---

ಫ್ರೇಮು:

ಐದನೇ ನಿಯಮ ಅವರ ಮಾತಿಗೆ ಅರ್ಧ ಒಪ್ಪಿಗೆ. ಪ್ರಯೋಗಾಲಯದಲ್ಲಿ ಅಳತೆಯ ಅನಿಶ್ಚಿತತೆಗೆ ಲೆಕ್ಕ ಇಟ್ಟಿರುತ್ತಾರೆ: ಮಿತಿ ಇರುವ ವಸ್ತುವಿಗೆ ಮಿತಿಯ ಮೇಲೆ ಒಂದು ಅಂತರ ಬಿಟ್ಟೇ ಪಾಸಿಟಿವ್ ಎನ್ನುವುದು. ಆಫ್‌ಸೈಡ್‌ನಲ್ಲಿ ಬಹುಕಾಲ ಆ ಸೌಜನ್ಯ ಇರಲಿಲ್ಲ.

ಲೆಕ್ಕ ಹಾಕಿ. ಪ್ರಸಾರದ ಕ್ಯಾಮೆರಾ ಸೆಕೆಂಡಿಗೆ 50 ಫ್ರೇಮು, ಒಂದರಿಂದ ಇನ್ನೊಂದಕ್ಕೆ 20 ಮಿಲಿಸೆಕೆಂಡು. ಸೆಕೆಂಡಿಗೆ 8 ಮೀಟರ್ ಓಡುವ ಫಾರ್ವರ್ಡ್ ಅಷ್ಟರಲ್ಲಿ 16 ಸೆಂಟಿಮೀಟರ್ ಸಾಗುತ್ತಾನೆ. ಡಿಫೆಂಡರ್ ಎದುರು ದಿಕ್ಕಿಗೆ ಸೆಕೆಂಡಿಗೆ 4 ಮೀಟರಿನಂತೆ ಹೊರಬರುತ್ತಿದ್ದರೆ ಇನ್ನೊಂದು 8. ಪಾಸ್ ಕಾಲು ಬಿಟ್ಟ ಫ್ರೇಮು ಯಾವುದು ಅನ್ನುವ ಒಂದೇ ಆಯ್ಕೆಯಲ್ಲಿ 24 ಸೆಂಟಿಮೀಟರ್ ಅಡಗಿದೆ. ಅಂಥ ಚಿತ್ರದ ಮೇಲೆ ಕಂಕುಳು, ಹೆಬ್ಬೆರಳು ಅಳೆದು ಗೋಲು ಕಿತ್ತುಕೊಂಡರು.

2022ರ ವಿಶ್ವಕಪ್ಪಿನ ಅರೆಸ್ವಯಂಚಾಲಿತ ವ್ಯವಸ್ಥೆ ಈ ರೋಗಕ್ಕೆ ಮದ್ದು: ಚಾವಣಿಯಡಿ 12 ಕ್ಯಾಮೆರಾ, ಪ್ರತಿ ಆಟಗಾರನ ದೇಹದಲ್ಲಿ 29 ಬಿಂದುಗಳು, ಚೆಂಡಿನೊಳಗಿನ ಸೆನ್ಸರ್ ಸೆಕೆಂಡಿಗೆ 500 ಸಲ. ಒದ್ದ ಕ್ಷಣದ ಅನಿಶ್ಚಿತತೆ 20ರಿಂದ 2 ಮಿಲಿಸೆಕೆಂಡಿಗೆ ಇಳಿಯಿತು. ಚೆಂಡಿನಲ್ಲಿ ಸೆನ್ಸರ್ ಇಲ್ಲದ ಲೀಗುಗಳಲ್ಲಿ ಒದ್ದ ಕ್ಷಣವನ್ನು ಚಿತ್ರದಿಂದಲೇ ಹಿಡಿಯಬೇಕು, ಅಲ್ಲಿ ಈ ಲಾಭ ಪೂರ್ತಿ ಸಿಗುವುದಿಲ್ಲ. ಹ್ಯಾಂಡ್‌ಬಾಲಿನಲ್ಲಿ ಚೆಂಡು ತಾಗಿತೋ ಇಲ್ಲವೋ ಎಂದು ಸೆನ್ಸರ್ ಹೇಳಬಹುದು, ಅದು ತಪ್ಪೋ ಅಲ್ಲವೋ ಎಂದು ಯಂತ್ರ ಹೇಳುವುದಿಲ್ಲ.

---

ಡ್ರೆಸ್ಸಿಂಗ್ ರೂಮ್:

ತೀರ್ಪಿನ ನ್ಯಾಯ ಆಯ್ತು, ಪ್ರಕರಣ ಹುಟ್ಟುವುದೇ ಎಲ್ಲಿ ಅಂತ ಯಾರೂ ಹೇಳಲಿಲ್ಲ. ಪಂದ್ಯದ ನಂತರ ಕನಿಷ್ಠ 90 ಮಿಲಿಲೀಟರ್ ಮೂತ್ರ ಬೇಕು: ಮರುಪರೀಕ್ಷೆಗೆ ಇಡುವ ಬಿ ಬಾಟಲಿಗೆ 30, ಮೊದಲ ಪರೀಕ್ಷೆಯ ಎ ಬಾಟಲಿಗೆ 60. 90 ನಿಮಿಷ ಓಡಿ ಬೆವರಿದವನಿಗೆ ಅದು ಸುಲಭಕ್ಕೆ ಬರುವುದಿಲ್ಲ. ಬೇಗ ಮನೆಗೆ ಹೋಗಲು ಲೀಟರುಗಟ್ಟಲೆ ನೀರು ಕುಡಿದರೆ ಮೂತ್ರ ತೆಳುವಾಗಿ, ಸಾಂದ್ರತೆ ನಿಗದಿತ ಮಟ್ಟಕ್ಕಿಂತ ಕೆಳಗಿಳಿದು, ಇನ್ನೊಂದು ಮಾದರಿ ಕೊಡಬೇಕಾಗುತ್ತದೆ. ಗುಟುಕುಗುಟುಕಾಗಿ ಕುಡಿಯಬೇಕು, ಸೀಲು ಹಾಕಿದ ಬಾಟಲಿಯನ್ನು ತಾನೇ ಆರಿಸಿ ತೆರೆಯಬೇಕು. ಕಳೆದ 7 ದಿನಗಳಲ್ಲಿ ತೆಗೆದುಕೊಂಡ ಔಷಧ, ಸಪ್ಲಿಮೆಂಟ್ ಎಲ್ಲವನ್ನೂ ಫಾರ್ಮಿನಲ್ಲಿ ಬರೆಯಬೇಕು. 'ಮರೆತೆ' ಅಂತ ಬಿಟ್ಟ ಸಪ್ಲಿಮೆಂಟನ್ನು ಆಮೇಲೆ ವಿಚಾರಣೆಯಲ್ಲಿ ನೆಪ ಮಾಡಿದರೆ ನಂಬುವವರು ಕಡಿಮೆ. ಮಾದರಿ ಕೊಡದೆ ಎದ್ದುಹೋದರೆ ಅದಕ್ಕೇ 4 ವರ್ಷ. ಹಳೆಯ ನಿಯಮದ ಕಾಲದಲ್ಲಿ, 2003ರಲ್ಲಿ ಪರೀಕ್ಷೆ ತಪ್ಪಿಸಿಕೊಂಡ ರಿಯೊ ಫರ್ಡಿನಾಂಡ್ 8 ತಿಂಗಳಲ್ಲಿ ಪಾರಾದ. ಯೂರೋ 2004 ಮಾತ್ರ ಕೈತಪ್ಪಿತು.

ಎಡವಬಹುದಾದ ಇನ್ನೊಂದು ಜಾಗ ಮಂಡಿ ನೋವಿನ ಇಂಜೆಕ್ಷನ್. 2022ರ ಜನವರಿಯಿಂದ ಕಾರ್ಟಿಸೋನ್ ಗುಂಪಿನ ಎಲ್ಲ ಇಂಜೆಕ್ಷನ್‌ಗಳೂ ಸ್ಪರ್ಧೆಯೊಳಗೆ ನಿಷಿದ್ಧ. ಕೀಲಿಗೆ ಚುಚ್ಚಿದರೆ ಬಹುತೇಕ ಔಷಧಗಳಿಗೆ 3 ದಿನ ಬಿಡುವು ಸಾಕು. ಟ್ರಯಾಮ್ಸಿನೊಲೋನ್ ಆದರೆ 10 ದಿನ, ಅದನ್ನೇ ಸ್ನಾಯುವಿಗೆ ಚುಚ್ಚಿದರೆ 60 ದಿನ. ಗುರುವಾರ ಚುಚ್ಚಿಸಿಕೊಂಡು ಭಾನುವಾರ ಆಡುವವನಿಗೆ ಔಷಧದ ಹೆಸರು, ಚುಚ್ಚಿದ ಜಾಗ, ದಿನಾಂಕ ಬರೆದ ಚೀಟಿ ಇಲ್ಲದಿದ್ದರೆ ಚಿಕಿತ್ಸಾ ವಿನಾಯಿತಿ (ಚಿಕಿತ್ಸೆಗಾಗಿ ನಿಷೇಧಿತ ಔಷಧ ಬಳಸಲು ಅನುಮತಿ) ಕೇಳುವುದಕ್ಕೂ ಆಧಾರವಿರುವುದಿಲ್ಲ.

---

ಐದನೇ ನಿಯಮ:

ಒಂದು ಸಾಮ್ಯ ಹೇಳಲು ಮರೆತಿದ್ದೆವು. ಉದ್ದೀಪನ ಮದ್ದು ಸಿಕ್ಕ ಆಟಗಾರ ಗೆಲುವಿನ ಗೋಲು ಹೊಡೆದಿದ್ದರೂ ಪಂದ್ಯದ ಫಲಿತಾಂಶ ಹಾಗೇ ಉಳಿಯುತ್ತದೆ. ಸಂಹಿತೆಯ ಪ್ರಕಾರ ತಂಡಕ್ಕೆ ಶಿಕ್ಷೆ ಬೀಳಬೇಕಾದರೆ ಒಂದೇ ಟೂರ್ನಿಯ ಅವಧಿಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಸಿಕ್ಕಿಬೀಳಬೇಕು. ಅಂದರೆ ಫಲಿತಾಂಶ ಮುಟ್ಟಬಾರದು ಅನ್ನುವ ಹಟ ಎರಡೂ ಕಡೆ ಇದೆ.

ಇಲ್ಲದಿರುವುದು ಪಾರದರ್ಶಕತೆಯ ಸಾಮ್ಯ. ಉದ್ದೀಪನ ಮದ್ದಿನ ಅಂತಿಮ ತೀರ್ಪನ್ನು 20 ದಿನದೊಳಗೆ ಬಹಿರಂಗಪಡಿಸಬೇಕು: ಹೆಸರು, ವಸ್ತು, ಶಿಕ್ಷೆ. ರೆಫರಿಗೆ ಕೊಟ್ಟ ಅಂಕ, ಯಾಕೆ ಕೈಬಿಟ್ಟರು, ಯಾವಾಗ ವಾಪಸ್, ಇದನ್ನು ಸಂಸ್ಥೆಗಳು ತಾವಾಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಕೈಯಲ್ಲಿದ್ದರೆ ರೆಫರಿಗೆ ನಿಷೇಧದ ವರ್ಷ ಸೇರಿಸುವುದಿಲ್ಲ. ಪುನರಾರಂಭದ ನಿಯಮಕ್ಕೆ ಒಂದು ಸಣ್ಣ ವಿನಾಯಿತಿ ಸೇರಿಸುತ್ತೇನೆ: ವಿಎಆರ್ ಕಂಡದ್ದು ಸರಿಯಿದ್ದು ಹೇಳಿದ್ದು ತಪ್ಪಾದರೆ, ಮುಂದಿನ ಸಲ ಆಟ ನಿಲ್ಲುವವರೆಗೆ ತಿದ್ದಬಹುದು. ತಿದ್ದುವ ಮುನ್ನ ಮೈದಾನದ ಮೂಲ ತೀರ್ಪನ್ನು ರೆಫರಿ ಬಾಯಲ್ಲೇ ಇನ್ನೊಮ್ಮೆ ಹೇಳಿಸಬೇಕು.