ಪದಚರ್ಚೆ: ಮೊಲಕ್ಕೆ ‘ತರಕಾರಿ’ ಕೊಡಿ ಎಂದು ಬರೆಯಬಹುದೇ?

ಎಲ್ಲರಿಗೂ ನಮಸ್ಕಾರ.

ಸಾಕುಮೊಲಗಳಿಗೆ ಸೊಪ್ಪು, ತರಕಾರಿ, ಹಣ್ಣು ಕೊಡುವ ಬಗ್ಗೆ ಕನ್ನಡದಲ್ಲೊಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಮೊಲ ಸಾಕುವವರು ಓದಿದ ದಿನವೇ ಅನುಸರಿಸುವಂತಿರಬೇಕು ಎಂಬುದು ನನ್ನ ಆಸೆ. ಬರೆಯುತ್ತ ಹೋದಂತೆ ಕೆಲವು ಪದಗಳು ತೊಡಕಾಗಿವೆ. ಪದ ಸಡಿಲವಾದರೆ ಇಲ್ಲಿ ಕೆಡುವುದು ಒಂದು ಮೂಕಪ್ರಾಣಿಯ ಹೊಟ್ಟೆ. ಅದಕ್ಕಾಗಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲ ತೊಡಕು ‘ತರಕಾರಿ’ಯದೇ. ‘ಮೊಲಕ್ಕೆ ದಿನವೂ ತಾಜಾ ತರಕಾರಿ ಕೊಡಿ’ ಎಂಬ ಸಾಲು ಓದಲು ಚೆನ್ನಾಗಿದೆ. ಆದರೆ ನಮ್ಮ ‘ತರಕಾರಿ’ಯೊಳಗೆ ಕ್ಯಾರೆಟ್, ಆಲೂಗಡ್ಡೆ, ಈರುಳ್ಳಿ, ಅವರೆಕಾಳು ಎಲ್ಲವೂ ಬರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಜಾತಿಯವು ಮೊಲದ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಆಲೂಗಡ್ಡೆಯಲ್ಲಿ ಪಿಷ್ಟ ಹೆಚ್ಚು. ಹಸಿರು ತಿರುಗಿದ ಗೆಡ್ಡೆಯಲ್ಲಿ ಸೊಲನೀನ್ ಎಂಬ ವಿಷವೂ ಇರುತ್ತದೆ. ಕಾಳುಗಳ ಪಿಷ್ಟ ಕರುಳಿನ ಸೂಕ್ಷ್ಮಜೀವಿಗಳ ಸಮತೋಲವನ್ನೇ ಕೆಡಿಸಬಲ್ಲದು. ಚಿತ್ರಗಳಲ್ಲೆಲ್ಲ ಮೊಲದ ಕೈಗೆ ಕೊಡುವ ಕ್ಯಾರೆಟ್ಟಿನಲ್ಲಿ ಸಕ್ಕರೆ ಹೆಚ್ಚಿರುವುದರಿಂದ ಅದು ಅಪರೂಪಕ್ಕೊಂದು ತುಂಡು ಕೊಡಬೇಕಾದದ್ದು. ಅದರ ಸೊಪ್ಪನ್ನು ಮಾತ್ರ ಧಾರಾಳವಾಗಿ ಕೊಡಬಹುದು.

ಹಾಗಾಗಿ ಹೊತ್ತಗೆಯಲ್ಲಿ ‘ತರಕಾರಿ’ಯನ್ನು ಬಿಟ್ಟು ಸೊಪ್ಪು, ಗೆಡ್ಡೆ, ಕಾಯಿ, ಹಣ್ಣು, ಕಾಳು ಎಂಬ ನಮ್ಮ ದಿನಬಳಕೆಯ ವಿಂಗಡಣೆಯನ್ನೇ ಹಿಡಿದಿದ್ದೇನೆ. ಮೊಲದ ಕರುಳು ಕೂಡ ಬಹುಮಟ್ಟಿಗೆ ಇದೇ ವಿಂಗಡಣೆ ಮಾಡುತ್ತದೆ ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ಸೊಪ್ಪು ದಿನವೂ ಸರಿ: ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪು, ರೊಮೇನ್ ಲೆಟಿಸ್. ಗೆಡ್ಡೆ (ಮೇಲೆ ಹೇಳಿದ ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಬಿಟ್ಟು), ಹಣ್ಣು ಆಗೊಮ್ಮೆ ಈಗೊಮ್ಮೆ, ಚಮಚದ ಲೆಕ್ಕದಲ್ಲಿ. ಕಾಳು ಬೇಡವೇ ಬೇಡ. ‘ಸೊಪ್ಪು ದಿನಾ, ಹಣ್ಣು ಅಪರೂಪ, ಕಾಳು ಬೇಡ’ ಎಂದರೆ ಮಕ್ಕಳಿಗೂ ನೆನಪಿರುತ್ತದೆ.

ಆದರೆ ‘ಸೊಪ್ಪು’ ಎಂದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಟೊಮೆಟೊ ಗಿಡದ ಎಲೆ, ಕಾಂಡ ಮೊಲಕ್ಕೆ ವಿಷ. ಮಾಗಿದ ಹಣ್ಣಿನ ಸಣ್ಣ ಹೋಳು ಕೊಟ್ಟರೆ ತೊಂದರೆಯಿಲ್ಲ. ಆಲೂಗಡ್ಡೆ ಗಿಡದ ಎಲೆಯೂ ವಿಷವೇ. ನಾವು ‘ಟೊಮೆಟೊ ಸೊಪ್ಪು’, ‘ಆಲೂಗಡ್ಡೆ ಸೊಪ್ಪು’ ಎನ್ನುವುದು ತೀರ ಕಡಿಮೆ, ‘ಎಲೆ’ ಎಂದೇ ಹೇಳುತ್ತೇವೆ. ಈ ರೂಢಿಯನ್ನೇ ನಿಯಮ ಮಾಡಿಕೊಂಡು, ಕೊಡಬಹುದಾದದ್ದಕ್ಕೆ ‘ಸೊಪ್ಪು’, ಕೊಡಬಾರದ್ದಕ್ಕೆ ‘ಎಲೆ’ ಎಂದು ಹೊತ್ತಗೆಯುದ್ದಕ್ಕೂ ಬಳಸಬಹುದೇ? ‘ಹೊಗೆಸೊಪ್ಪು’ ಈ ನಿಯಮವನ್ನು ಮುರಿಯುತ್ತದೆ, ನಿಜ. ಅದನ್ನು ಮೊಲದ ಮುಂದಿಡುವವರು ಇರಲಾರರು ಎಂದುಕೊಂಡಿದ್ದೇನೆ. ಬೇರೆ ಅಪವಾದಗಳು ಹೊಳೆದರೆ ಹೇಳಿ.

ಪಾಲಕ್ ಮತ್ತು ಬೀಟ್‌ರೂಟ್ ಸೊಪ್ಪುಗಳಲ್ಲಿ ಆಕ್ಸಲೇಟ್ ಎಂಬ ಲವಣ ಹೆಚ್ಚು. ಅವನ್ನು ದಿನವೂ ಕೊಡದೆ ಬೇರೆ ಸೊಪ್ಪುಗಳೊಡನೆ ಸರದಿಯಲ್ಲಿ ಕೊಡಬೇಕು. ಇದಕ್ಕೆ ‘ಸರದಿ ಸೊಪ್ಪು’ ಎಂದು ಬರೆದಿದ್ದೇನೆ. ಅರ್ಥವಾಗುತ್ತದೆ ಎಂಬ ನಂಬಿಕೆ ಇದೆ.

ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತಿರುವ ಪದ: ‘ಹುಲ್ಲು’. ಸೊಪ್ಪು ಎಷ್ಟೇ ಒಳ್ಳೆಯದಾದರೂ ಮೊಲದ ಆಹಾರದಲ್ಲಿ ಶೇ. 80ಕ್ಕಿಂತ ಹೆಚ್ಚು ಭಾಗ ಹುಲ್ಲೇ ಆಗಿರಬೇಕು. ಮೊಲದ 28 ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ನಾರುಳ್ಳ ಹುಲ್ಲನ್ನು ಗಂಟೆಗಟ್ಟಲೆ ಅಗಿದರೆ ಮಾತ್ರ ದವಡೆಹಲ್ಲು ಸವೆದು ಹದದಲ್ಲಿರುತ್ತದೆ. (ಹಲ್ಲಿನ ಮಾತು ಬಂದದ್ದರಿಂದ ಒಂದು ವಿನಂತಿ: ಮೊಲವನ್ನು ಇಲಿ, ಅಳಿಲುಗಳ ಜೊತೆ ‘ದಂಶಕ’ (ಇಂಗ್ಲಿಷಿನ ‘ರೋಡೆಂಟ್’) ಎಂದು ಬರೆಯುವುದನ್ನು ಬಿಡೋಣ. 1912ರಲ್ಲಿ ಗಿಡ್ಲಿ ಎಂಬ ವಿಜ್ಞಾನಿ ಮೊಲಗಳನ್ನು ಬೇರೆಯೇ ಗಣಕ್ಕೆ ಸೇರಿಸಿದರು. ಮೇಲಿನ ಬಾಚಿಹಲ್ಲುಗಳ ಹಿಂದೆ ಮೊಲಕ್ಕೆ ಇನ್ನೊಂದು ಜೊತೆ ಪುಟ್ಟ ಹಲ್ಲುಗಳಿವೆ, ಇಲಿಗೆ ಇಲ್ಲ.)

‘ಒಣಹುಲ್ಲು’ ಎಂದು ಬರೆದರೆ ಕನ್ನಡದ ಓದುಗರಲ್ಲಿ ಬಹಳ ಮಂದಿಗೆ ಹೊಳೆಯುವುದು ಬತ್ತ ಬಡಿದ ಮೇಲೆ ಉಳಿಯುವ ಹುಲ್ಲು. ಇಂಗ್ಲಿಷಿನವರು ಅದಕ್ಕೆ ‘ಸ್ಟ್ರಾ’ ಎನ್ನುತ್ತಾರೆ. ಮೊಲಕ್ಕೆ ಬೇಕಾದದ್ದು ‘ಹೇ’: ಹಸಿರಾಗಿರುವಾಗಲೇ ಕೊಯ್ದು, ಸತ್ವ ಉಳಿಯುವಂತೆ ಒಣಗಿಸಿದ್ದು. ಕಾಳು ಕಟ್ಟಿ ಮುಗಿದ ಪೈರಿನ ಕಡ್ಡಿಯಲ್ಲಿ ನಾರು ಇರುತ್ತದೆ, ಆದರೆ ಪ್ರೋಟೀನು, ಖನಿಜಗಳು ಬಹಳ ಕಡಿಮೆ. ಮಲಗಲು ಹಾಸುವುದಕ್ಕೆ ಸರಿ, ಅದೊಂದನ್ನೇ ತಿಂದು ಮೊಲ ಚೆನ್ನಾಗಿರಲಾರದು. ಎರಡಕ್ಕೂ ಒಂದೇ ಪದ ಇಟ್ಟುಕೊಂಡರೆ ಓದುಗರನ್ನು ನಾವೇ ದಾರಿ ತಪ್ಪಿಸಿದಂತೆ.

‘ಒಣಮೇವು’ ಎನ್ನೋಣವೆಂದರೆ ಅದರಲ್ಲಿ ಜೋಳದ ದಂಟೂ ಸೇರುತ್ತದೆ. ‘ಹೇ’ ಎಂದೇ ಬಿಟ್ಟರೆ ಸಾಲಿನ ನಡುವೆ ಯಾರನ್ನೋ ಕೂಗಿದಂತೆ ಕೇಳಿಸುತ್ತದೆ, ವಿಭಕ್ತಿ ಹಚ್ಚಿದರೆ ಇನ್ನೂ ಕಷ್ಟ. ಸದ್ಯಕ್ಕೆ ಮೊದಲ ಸಲ ‘ಹಸಿರಿರುವಾಗಲೇ ಕೊಯ್ದು ಒಣಗಿಸಿದ ಹುಲ್ಲು’ ಎಂದು ವಿವರಿಸಿ, ಆಮೇಲೆ ‘ಹಸಿರೊಣಹುಲ್ಲು’ ಎಂದು ಬಳಸಿದ್ದೇನೆ. ದನ, ಕುದುರೆ ಸಾಕುವವರ ಮಾತಿನಲ್ಲಿ ಇದಕ್ಕೆ ಬೇರೆಯದೇ ಪದ ಬಳಕೆಯಲ್ಲಿದ್ದರೆ, ನನ್ನ ಕಟ್ಟುಪದವನ್ನು ಸಂತೋಷದಿಂದ ಬಿಟ್ಟುಕೊಡುತ್ತೇನೆ.

ಮೂರನೆಯದು ‘ಮೆಲುಕು’. ಮೊಲ ಮೆಲುಕು ಹಾಕುತ್ತದೆ ಎಂಬ ಬರಹಗಳಿವೆ. ಬಾಯಿ ಸದಾ ಆಡುತ್ತಿರುವುದನ್ನು ನೋಡಿ ಹಾಗನ್ನಿಸುವುದು ಸಹಜ. ಆದರೆ ಹಸುವಿನಂತೆ ನುಂಗಿದ್ದನ್ನು ಬಾಯಿಗೆ ತಂದುಕೊಳ್ಳಲು ಮೊಲಕ್ಕೆ ಆಗದು. ಅದು ವಾಂತಿ ಕೂಡ ಮಾಡಲಾರದು. ಅದರ ಬದಲಿಗೆ ಅಂಧಾಂತ್ರದಲ್ಲಿ (ದೊಡ್ಡ ಕರುಳಿನ ಆರಂಭದಲ್ಲಿರುವ ಚೀಲದಲ್ಲಿ) ಸೂಕ್ಷ್ಮಜೀವಿಗಳು ಹುದುಗಿಸಿದ ಆಹಾರವು ದ್ರಾಕ್ಷಿಗೊಂಚಲಿನಂಥ ಮೆತ್ತಗಿನ, ಲೋಳೆಯುಳ್ಳ ಉಂಡೆಗಳಾಗಿ ಹೊರಬರುತ್ತದೆ. ಮೊಲ ಅದನ್ನು ಗುದದ್ವಾರಕ್ಕೇ ಬಾಯಿಟ್ಟು ತಿಂದು, ಬಿ ಜೀವಸತ್ವಗಳನ್ನೂ ಪ್ರೋಟೀನನ್ನೂ ಪಡೆಯುತ್ತದೆ. ಗಟ್ಟಿಯಾದ, ದುಂಡನೆಯ ಹಿಕ್ಕೆ ಬೇರೆ, ಇದು ಬೇರೆ. ‘ಮೆದುಹಿಕ್ಕೆ’ ಎಂದು ಬರೆದಿದ್ದೇನೆ. ಮೊಲಕ್ಕೆ, ಆಡಿಗೆ ಹೊಂದುವ ‘ಹಿಕ್ಕೆ’ ಎಂಬ ಪದ ನಮ್ಮಲ್ಲಿರುವಾಗ ‘ಮಲ’ ಎಂದು ಬರೆಯಲು ಮನಸ್ಸಾಗಲಿಲ್ಲ. ಸಾಕುವವರಿಗೆ ಈ ವ್ಯತ್ಯಾಸ ತಿಳಿದಿರಲೇಬೇಕು: ಹಣ್ಣು, ಕಾಳು ಹೆಚ್ಚಾದಾಗ ಮೆದುಹಿಕ್ಕೆ ತಿನ್ನದೆ ಉಳಿದು ಬಾಲದ ಬಳಿ ಮೆತ್ತಿಕೊಂಡಿರುತ್ತದೆ. ಅದನ್ನು ‘ಭೇದಿ’ ಎಂದು ತಿಳಿದರೆ ಆರೈಕೆ ದಾರಿ ತಪ್ಪುತ್ತದೆ.

‘ಅಜೀರ್ಣ’ ಎಂಬ ಪದವನ್ನೂ ಕೈಬಿಟ್ಟಿದ್ದೇನೆ. ಮೊಲದ ಕರುಳಿನ ಚಲನೆ ನಿಧಾನವಾಗಿ ನಿಂತುಹೋಗುವ ಸ್ಥಿತಿಗೆ ಅದು ತೀರ ಹಗುರವಾದ ಮಾತು. ನಮ್ಮ ಅಜೀರ್ಣ ಒಂದು ಹೊತ್ತು ಲಂಘನ ಮಾಡಿದರೆ ಸರಿಹೋಗಬಹುದು. ಮೊಲ 12 ಗಂಟೆ ಏನೂ ತಿನ್ನದೆ, ಹಿಕ್ಕೆಯೂ ಹಾಕದೆ ಕುಳಿತರೆ ಅದು ಜೀವಕ್ಕೇ ಅಪಾಯ, ಕೂಡಲೇ ಪಶುವೈದ್ಯರನ್ನು ಕಾಣಬೇಕು. ‘ಕರುಳು ನಿಲ್ಲುವುದು’ ಎಂದು ನೇರವಾಗಿ ಬರೆದಿದ್ದೇನೆ.

‘ವಿಷ’ದ ಬಗ್ಗೆ ನಿಮ್ಮ ಸಲಹೆ ಬೇಕು. ಬೆಣ್ಣೆಹಣ್ಣಿನಲ್ಲಿ ಪರ್ಸಿನ್ ಇದೆ, ಅದು ನಿಜವಾದ ವಿಷ. ಸೇಬಿನ ಬೀಜದಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಬೀಜ ತೆಗೆದ ಹೋಳು ಸುರಕ್ಷಿತ. ಐಸ್‌ಬರ್ಗ್ ಲೆಟಿಸ್ ಬಹುಪಾಲು ನೀರು, ಸತ್ವ ಬಹಳ ಕಡಿಮೆ. ಕೋಸು ಕೆಲವು ಮೊಲಗಳಿಗೆ ಮಾತ್ರ ಹೊಟ್ಟೆಯುಬ್ಬರ ತರುತ್ತದೆ. ಇವೆಲ್ಲಕ್ಕೂ ‘ವಿಷಕಾರಿ’ ಎಂಬ ಒಂದೇ ಹಣೆಪಟ್ಟಿ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಭಯಬಿದ್ದ ಓದುಗರು ಸೊಪ್ಪನ್ನೇ ನಿಲ್ಲಿಸಿಬಿಡುತ್ತಾರೆ. ‘ವಿಷ’, ‘ಅಪಥ್ಯ’, ‘ಒಗ್ಗದಿರಬಹುದು’ ಎಂದು ಮೂರು ಮೆಟ್ಟಿಲು ಮಾಡಿದ್ದೇನೆ. ‘ಒಗ್ಗು’ ಇಲ್ಲಿ ಎರಡು ಕೆಲಸ ಮಾಡುತ್ತದೆ: ಹೊಸ ಸೊಪ್ಪನ್ನು ಒಂದೊಂದಾಗಿ, ಒಂದೆರಡು ಎಲೆಯಷ್ಟೇ ಕೊಟ್ಟು, ಒಂದೆರಡು ದಿನ ಹಿಕ್ಕೆ ನೋಡಿ ಮುಂದುವರಿಯುವುದಕ್ಕೆ ‘ಒಗ್ಗಿಸುವುದು’ ಎಂಬುದಕ್ಕಿಂತ ಹದವಾದ ಪದ ನನಗೆ ಕಾಣಲಿಲ್ಲ. ‘ಅಪಥ್ಯ’ ಮಾತ್ರ ಈಗಿನ ಎಳೆಯರಿಗೆ ತಿಳಿಯುತ್ತದೆಯೇ?

‘ಹಸಿ’ಯ ಬಗ್ಗೆ ಒಂದೇ ಮಾತು. ಬೇಯಿಸದ್ದು, ಒದ್ದೆಯಾದದ್ದು, ಮಾಗದ್ದು ಮೂರೂ ‘ಹಸಿ’ಯೇ. ಸೊಪ್ಪನ್ನು ಬೇಯಿಸದೆ ಕೊಡಬೇಕು, ಚೆನ್ನಾಗಿ ತೊಳೆಯಬೇಕು, ತೊಳೆದ ನೀರಿನ ಹನಿ ಉಳಿದರೆ ಕೆಡುಕಿಲ್ಲ. ಹಾಗಾಗಿ ‘ಹಸಿ’ಯ ಬದಲು ‘ಬೇಯಿಸದ’ ಎಂದು ಬರೆಯುತ್ತಿದ್ದೇನೆ.

ಕೊನೆಯದಾಗಿ ಅಳತೆ. ಪೂರ್ತಿ ಬೆಳೆದ ಮೊಲಕ್ಕೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ ಸುಮಾರು ಒಂದು ಕಪ್ ಅದುಮಿ ತುಂಬಿದ ಸೊಪ್ಪು ಎಂಬುದು ಬಳಕೆಯಲ್ಲಿರುವ ಲೆಕ್ಕ. ‘ಕಟ್ಟು’ ಒಂದೊಂದು ಕಡೆ ಒಂದೊಂದು ಗಾತ್ರ. ‘ಬೊಗಸೆ’ ಎಂದರೆ ಎರಡು ಕೈ ಸೇರಿದ್ದು, ಅದುಮುವ ಅರ್ಥ ಅದರಲ್ಲಿಲ್ಲ. ‘ಹಿಡಿ’ಯಲ್ಲಿ ಅದುಮುವುದು ತಾನಾಗಿಯೇ ಬರುತ್ತದೆ, ಆದರೆ ಒಂದು ಹಿಡಿ ಒಂದು ಕಪ್ಪಿಗಿಂತ ಕಡಿಮೆಯಾದೀತು. ‘ಕಿಲೋಗೆ ಎರಡು ಹಿಡಿ’ ಎಂದು ಬರೆಯಲೇ, ‘ಅದುಮಿದ ಒಂದು ಬೊಗಸೆ’ ಎನ್ನಲೇ? ಬಲ್ಲವರು ತಿಳಿಸಿ.